ಸಿಂಪ್ಯೂಟರ್: ಹತ್ತು ಸಾವಿರದ ಲೆಕ್ಕ

ಸಿಂಪ್ಯೂಟರ್ ಬೆಂಗಳೂರಿನಲ್ಲಿ ಹುಟ್ಟಿದ ಅಂಗೈಯಗಲದ ಕಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು 1998ರ ಸುಮಾರಿಗೆ ಇದನ್ನು ಯೋಚಿಸಿದರು. 2001ರಲ್ಲಿ ಮಾದರಿ ಹೊರಬಂತು. ಅಕ್ಷರ ಬಾರದವರೂ ಬಳಸಬಲ್ಲ, 9,000 ರೂಪಾಯಿ ಆಸುಪಾಸಿನ ಯಂತ್ರ ಅವರ ಗುರಿಯಾಗಿತ್ತು.

ಬಡವರಿಗೆ ಆ ಮೊತ್ತವೂ ದೊಡ್ಡದೇ. ಅದಕ್ಕೆ ಹುಡುಕಿದ ಉಪಾಯ ಸ್ಮಾರ್ಟ್ ಕಾರ್ಡ್; ರೈಸ್‌ಮಿಲ್ಲಿನ ಲೆಕ್ಕವೇ ಇಲ್ಲೂ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು ರೈಸ್‌ಮಿಲ್ ಕೊಳ್ಳುವುದಿಲ್ಲ; ಚೀಲ ತಂದು, ಅಕ್ಕಿ ಮಾಡಿಸಿಕೊಂಡು, ಕೂಲಿ ಕೊಟ್ಟು ಹೋಗುತ್ತಾರೆ. ಮಿಲ್ಲು ಒಂದೇ, ಚೀಲ ಮಾತ್ರ ಅವರವರದು. ಸಿಂಪ್ಯೂಟರಿನಲ್ಲಿ ಆ ಚೀಲದ ಜಾಗದಲ್ಲಿ ಕಾರ್ಡ್ ಇತ್ತು. ಬಳಸುವವರ ಮಾಹಿತಿ ಅದರೊಳಗಿನ ಚಿಪ್ಪಿನಲ್ಲಿ ಉಳಿಯುತ್ತಿತ್ತು. ಕಾರ್ಡ್ ತೂರಿಸಿದಾಗ ಯಂತ್ರ ಅವರದಾಗುತ್ತಿತ್ತು, ತೆಗೆದಾಗ ಮುಂದಿನವರದು. ಐವತ್ತು ಮನೆಗೊಂದು ಯಂತ್ರವಾದರೆ, ಬೆಲೆ ಹತ್ತು ಸಾವಿರ ಎಂದಿಟ್ಟುಕೊಂಡರೂ ಮನೆಗೆ 200 ರೂಪಾಯಿಗೆ ಇಳಿಯುತ್ತದೆ.

ಒಳಗಿದ್ದದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್, ಮುಟ್ಟಿದರೆ ಕೆಲಸ ಮಾಡುವ ಪರದೆ. ಬರಹವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳಲು ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ರೂಪಿಸಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾದರಿಯಲ್ಲಿ ವಾಲುವಿಕೆ ಗ್ರಹಿಸುವ ಸಂವೇದಕವೂ ಇತ್ತು, ಐಫೋನಿಗಿಂತ ಮೂರು ವರ್ಷ ಮೊದಲು! ಇಂಥ ಸಂವೇದಕದಲ್ಲಿ ಕೂದಲೆಳೆಗಿಂತ ತೆಳುವಾದ ಸಿಲಿಕಾನ್ ಸ್ಪ್ರಿಂಗುಗಳಿಗೆ ಸಣ್ಣದೊಂದು ತುಣುಕು ಜೋತುಬಿದ್ದಿರುತ್ತದೆ. ಸಾಧನ ವಾಲಿದಾಗ ಗುರುತ್ವದ ಸೆಳೆತಕ್ಕೆ ತುಣುಕು ಸರಿಯುತ್ತದೆ, ಪಕ್ಕದ ತಗಡಿಗೂ ಅದಕ್ಕೂ ನಡುವಿನ ಅಂತರ ಬದಲಾಗುತ್ತದೆ. ಅದರೊಂದಿಗೆ ಬದಲಾಗುವ ವಿದ್ಯುತ್ ಧಾರಕತೆಯನ್ನು ಅಳೆದು ಎಷ್ಟು ವಾಲಿತೆಂದು ಚಿಪ್ ಲೆಕ್ಕ ಹಾಕುತ್ತದೆ.

ಅಮಿಡಾದ ಬೆಲೆ ಸುಮಾರು 10,000ದಿಂದ 20,000 ರೂಪಾಯಿ ಇತ್ತು. ಅಷ್ಟು ಜಾಣತನಕ್ಕೆ ಇದು ದುಬಾರಿಯಾಗಿರಲಿಲ್ಲ. ಆದರೆ ಕೊಳ್ಳುವವರು ಜಾಣತನವನ್ನು ತೂಗುವುದಿಲ್ಲ, ಕೆಲಸವನ್ನು ತೂಗುತ್ತಾರೆ. ಸಿಂಪ್ಯೂಟರ್ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲೇ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಜಮೀನಿನ ದಾಖಲೆಗಳಾದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದೇ ಭತ್ತದ ರೈತರಿಗೆ ಬೆಳೆಸಾಲಕ್ಕೆ ಪಹಣಿ ಬೇಕಾದರೆ, ಸಿಂಧನೂರಿನ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿಸಿ ಕೊಡುವ ಏರ್ಪಾಡಾಯಿತು. ಅಂದರೆ ಹಂಚಿಕೊಂಡ ಕಂಪ್ಯೂಟರ್ ಹಳ್ಳಿಗರಿಗೆ ಸಿಕ್ಕೇಬಿಟ್ಟಿತ್ತು, ಮೇಜಿನ ಮೇಲಿನ ಮಾಮೂಲಿ ಪೆಟ್ಟಿಗೆಯ ರೂಪದಲ್ಲಿ. ಆ ದರದಲ್ಲಿ 10,000 ರೂಪಾಯಿ ಹುಟ್ಟಬೇಕಾದರೆ ಸಿಂಪ್ಯೂಟರ್ 667 ಪಹಣಿಯಷ್ಟು ಕೆಲಸ ಮಾಡಬೇಕಿತ್ತು. ಆದರೆ ಅದರಿಂದ ಮಾಡಿಸುವ ಸೇವೆಗಳೇ ಸಾಕಷ್ಟು ಇರಲಿಲ್ಲ. ಭೂದಾಖಲೆಯ ಕೆಲಸಕ್ಕೆ ಸರ್ಕಾರ ಸಿಂಪ್ಯೂಟರನ್ನೂ ಪ್ರಯೋಗಿಸಿತು, ಆದರೆ ಅಷ್ಟರಿಂದ ಮಾರುಕಟ್ಟೆ ಬೆಳೆಯಲಿಲ್ಲ.

ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಚಿಪ್, ಪರದೆಗಳ ದರ ಇಳಿಯುವುದು ಲಕ್ಷಗಟ್ಟಲೆ ತಯಾರಿಸಿದಾಗ. ಸಾವಿರದ ಲೆಕ್ಕದಲ್ಲಿ ತಯಾರಾಗುವ ಯಂತ್ರಕ್ಕೆ ಆ ಲಾಭವಿಲ್ಲ. ಮೊಬೈಲಿಗೆ ಅದು ಸಿಕ್ಕಿತು, ಏಕೆಂದರೆ ಮಾತಾಡುವ ಅಗತ್ಯ ಎಲ್ಲ ಮನೆಯಲ್ಲೂ ಮೊದಲೇ ಇತ್ತು. ಹಂಚಿಕೊಳ್ಳಲು ಕಾರ್ಡೂ ಬೇಕಾಗಲಿಲ್ಲ. ಮನೆಗೊಂದು, ಆಮೇಲೆ ಆಳಿಗೊಂದು ಫೋನ್ ಬಂತು. ವಾಲುವಿಕೆ ಗ್ರಹಿಸುವ ಸಂವೇದಕ ಈಗ ಅಗ್ಗದ ಸ್ಮಾರ್ಟ್‌ಫೋನಿನಲ್ಲೂ ಇದೆ, ಅದಕ್ಕೆಂದು ಯಾರೂ ಪ್ರತ್ಯೇಕ ದುಡ್ಡು ಎಣಿಸುವುದಿಲ್ಲ.