ನೀರು ಹೋದ ಮೇಲೆ ನೋವಿಗಾಗಿ ಕಾಯಬೇಡಿ

ಸುಬಹಿ ನಮಾಝ್ ಮುಗಿಸಿ ಹೊರಡುವಾಗ ನಮ್ಮ ಮದ್ರಸದ ಮಗುವೊಂದರ ತಂದೆ ಬಂದು ಮೆಲ್ಲಗೆ ಕೇಳಿದರು: "ಉಸ್ತಾದ್, ಮನೆಯವಳಿಗೆ ರಾತ್ರಿ ನೀರು ಹೋಗಿದೆ. ನೋವು ಬಂದ ಮೇಲೆ ಹೋದರಾಯ್ತು ಅಂತಾರೆ ಉಮ್ಮ. ಕಾಯಬಹುದಾ?" ನಾವು ಡಾಕ್ಟರರಲ್ಲ. "ಈಗಲೇ ಆಸ್ಪತ್ರೆಗೆ ಹೊರಡಿ" ಎಂದಷ್ಟೇ ಹೇಳಿದೆವು. ಯಾಕೆ ಹಾಗೆ ಹೇಳಿದೆವು ಎಂಬುದು ಎಲ್ಲ ಮನೆಯವರಿಗೂ ಗೊತ್ತಿರಲಿ.

ಹೊಟ್ಟೆಯೊಳಗಿನ ಮಗು ನೀರಿನ ಚೀಲದಲ್ಲಿರುತ್ತದೆ. ಚೀಲಕ್ಕೆ ಮುಖ್ಯವಾಗಿ ಎರಡು ಪದರ. ಒಳಗಿನದು ಆಮ್ನಿಯಾನ್, ಹೊರಗಿನದು ಕೋರಿಯಾನ್. ಎರಡೂ ಸೇರಿದರೂ ಒಂದು ಮಿಲಿಮೀಟರ್ ದಪ್ಪವಿಲ್ಲ. ಆದರೂ ಕೊಲಾಜನ್ ಎಂಬ ನಾರು ಅದನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನ್‌ಗಳು ಆ ಪದರಗಳಲ್ಲೂ ನೀರಿನಲ್ಲೂ ಇವೆ. ಗರ್ಭಕೋಶದ ಬಾಯಿಗೆ ದಪ್ಪ ಲೋಳೆಯ ಬಿರಡೆ ಬೇರೆ.

ಬ್ಯಾಕ್ಟೀರಿಯಾಗಳ ಬಳಿಯೂ ವಿಷವಿದೆ. ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬುದು ಎಷ್ಟೋ ಆರೋಗ್ಯವಂತ ಹೆಂಗಸರ ದೇಹದಲ್ಲಿ ಸುಮ್ಮನೆ ಇರುತ್ತದೆ. ಮೇಲೇರಿದರೆ ಅದರ ವಿಷ ಜೀವಕೋಶಗಳಿಗೆ ತೂತು ಕೊರೆಯುತ್ತದೆ. ಇ-ಕೋಲಿಯ ವಿಷ ಅದರ ಹೊರಕವಚದಲ್ಲೇ ಇದ್ದು, ಅದು ಸತ್ತು ಒಡೆದಾಗ ಹೊರಬೀಳುತ್ತದೆ. ಇದಕ್ಕೆ ಎಂಡೊಟಾಕ್ಸಿನ್ ಎಂದು ಹೆಸರು. ಇದು ಪದರಕ್ಕೆ ತಾಗಿದರೆ ದೇಹ ತಿರುಗಿ ಬೀಳುತ್ತದೆ. ಆ ಜಗಳದಲ್ಲಿ ಹುಟ್ಟುವ ಕಿಣ್ವಗಳು ಕೊಲಾಜನನ್ನೇ ಕರಗಿಸುತ್ತವೆ, ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಹಿಂಡುತ್ತದೆ. 37 ವಾರ ತುಂಬುವ ಮೊದಲೇ ಹೆರಿಗೆಯಾಗಲು ಇದೊಂದು ಮುಖ್ಯ ಕಾರಣ.

ಚೀಲ ಒಡೆಯಿತೆಂದರೆ ಬಾಗಿಲು ತೆರೆದಂತೆ. ನೋವು ಇರಲಿ ಇಲ್ಲದಿರಲಿ, ಸೋಂಕು ಮೇಲೇರಲು ದಾರಿಯಾಯಿತು. 18 ಗಂಟೆ ದಾಟಿದರೆ ಮಗುವಿಗೆ ಅಪಾಯ ಹೆಚ್ಚೆಂದು ಡಾಕ್ಟರರು ಎಣಿಸುತ್ತಾರೆ. ಹಾಗಾಗಿ ನೀರು ಹೋದ ಗಂಟೆ ನೆನಪಿಟ್ಟು ಹೇಳಿ. ಅದರ ಬಣ್ಣ, ವಾಸನೆಯನ್ನೂ ಹೇಳಿ. ಜ್ವರ ಬಂದರೆ, ಕೆಟ್ಟ ವಾಸನೆಯಿದ್ದರೆ, ನೀರು ಹಸಿರಾಗಿದ್ದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಒಂದು ಗಳಿಗೆಯೂ ತಡಮಾಡಬೇಡಿ.

ಇನ್ನೊಂದು ಮಾತು. ಮೂತ್ರ ಉರಿಯುತ್ತಿದ್ದರೆ ನಮ್ಮ ಹೆಣ್ಣುಮಕ್ಕಳು ನಾಚಿಕೆಯಿಂದ ಮುಚ್ಚಿಡುತ್ತಾರೆ. ಆ ಸೋಂಕೂ ಅವಧಿಗೆ ಮುಂಚಿನ ಹೆರಿಗೆಗೆ ಕಾರಣವಾಗಬಹುದು. ಗರ್ಭಿಣಿಯರಿಗೆ ಕೊಡಬಹುದಾದ ಆಂಟಿಬಯಾಟಿಕ್ ಇದೆ. ಡಾಕ್ಟರರು ಬರೆದದ್ದನ್ನು ಅರ್ಧಕ್ಕೆ ಬಿಡದೆ ಮುಗಿಸಬೇಕು.

ಆ ದಿನ ಅವರು ರಿಕ್ಷಾದಲ್ಲಿ ಹೊರಟಾಗ ಉಮ್ಮನೇ ಬಟ್ಟೆಯ ಗಂಟು ಹಿಡಿದು ಮೊದಲು ಹತ್ತಿ ಕೂತರು. ಮಗು, ಬಾಣಂತಿ ಇಬ್ಬರೂ ಸುಖವಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಹಿರಿಯರ ಅನುಭವ ದೊಡ್ಡದು. ನೀರು ಹೋದಾಗ ಮೊದಲು ಹೊರಡಿಸುವವರೂ ಅವರೇ ಆಗಲಿ.