ಮನೆಗೆ ಬೆಲೆ ಕಟ್ಟುವ ಕ್ರಮ

ವೆಚ್ಚ, ಬೆಲೆ, ಮೌಲ್ಯ ಎಂಬ ಮೂರು ಮಾತುಗಳನ್ನು ನಾವು ನಿತ್ಯವ್ಯವಹಾರದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಬಳಸುವುದುಂಟು. ಮನೆಯ ಕ್ರಯವಿಕ್ರಯದಲ್ಲಿ ಇವು ಮೂರೂ ಬೇರೆಬೇರೆ. ಮನೆಯನ್ನು ಕಟ್ಟಲು ತಗಲಿದ ಹಣ ವೆಚ್ಚ. ಮಾರುವವನೂ ಕೊಳ್ಳುವವನೂ ಒಪ್ಪಿ ಕ್ರಯಪತ್ರದಲ್ಲಿ ಬರೆಯಿಸುವ ಮೊತ್ತ ಬೆಲೆ. ಯಾವ ಒತ್ತಾಯಕ್ಕೂ ಒಳಗಾಗದ ಇಬ್ಬರು, ವಿಷಯವನ್ನೆಲ್ಲ ಅರಿತು, ಗೊತ್ತಾದ ಒಂದು ದಿನದಂದು ವ್ಯವಹರಿಸಿದರೆ ಆ ಆಸ್ತಿಗೆ ಎಷ್ಟು ಹಣ ಸಲ್ಲಬಹುದೆಂಬ ಅಂದಾಜೇ ಮೌಲ್ಯ. ಮೊದಲಿನ ಎರಡು ನಡೆದುಹೋದ ಸಂಗತಿಗಳು. ಮೂರನೆಯದು ಆಧಾರಗಳಿಂದ ತರ್ಕಿಸಿ ಹೇಳುವ ಅಭಿಪ್ರಾಯ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಭೇದವು ಇಮ್ಮಡಿಯಾಗಿ ಎದುರಾಗುತ್ತದೆ. ಊರಿನ ಪಿತ್ರಾರ್ಜಿತ ಮನೆಯ ಪಾಲನ್ನು ಬಿಟ್ಟುಕೊಟ್ಟು ಮುಂಬಯಿಯಲ್ಲೋ ಪುಣೆಯಲ್ಲೋ ಫ್ಲ್ಯಾಟು ಕೊಳ್ಳುವವನು ಒಂದೇ ವರ್ಷದಲ್ಲಿ ಮಾರುವವನೂ ಹೌದು, ಕೊಳ್ಳುವವನೂ ಹೌದು. ಊರಿನಲ್ಲೇ ಉಳಿದು ಮನೆಯನ್ನು ನೋಡಿಕೊಂಡ ಅಣ್ಣನಿಗೆ ಕಾಣುವ ಬೆಲೆ ಒಂದು, ದೂರದಿಂದ ಎಣಿಸುವ ತಮ್ಮನಿಗೆ ತೋರುವ ಬೆಲೆ ಇನ್ನೊಂದು. ಆದುದರಿಂದ ಮೌಲ್ಯಮಾಪಕರು ಯಾವ ಕ್ರಮದಿಂದ ಬೆಲೆ ಕಟ್ಟುತ್ತಾರೆಂಬುದನ್ನು ತಿಳಿದಿರುವುದು ಅವಶ್ಯ.

ಬೆಲೆ ಕಟ್ಟುವ ಮುಖ್ಯ ವಿಧಾನಗಳು ಮೂರು. ಮೊದಲನೆಯದು ಹೋಲಿಕೆಯ ವಿಧಾನ. ಅದೇ ಪ್ರದೇಶದಲ್ಲಿ ಇತ್ತೀಚೆಗೆ ನೋಂದಣಿಯಾದ, ಅದೇ ಬಗೆಯ ಮನೆಗಳ ಕ್ರಯವನ್ನು ಹಿಡಿದು, ಅಂತಸ್ತು, ವಯಸ್ಸು, ರಸ್ತೆ, ವಾಹನ ನಿಲ್ಲಿಸುವ ಸ್ಥಳ ಮುಂತಾದ ವ್ಯತ್ಯಾಸಗಳಿಗೆ ತಕ್ಕಂತೆ ಕೂಡಿಸಿ ಕಳೆಯುವುದು. ನಗರದ ಫ್ಲ್ಯಾಟುಗಳಿಗೆ ಇದೇ ಯೋಗ್ಯ. ಮಾರುವವರು ಕೇಳುತ್ತಿರುವ ಬೆಲೆಯನ್ನು ಇಲ್ಲಿ ಪ್ರಮಾಣವೆಂದು ಹಿಡಿಯಲಾಗದು. ನಡೆದ ಕ್ರಯವಷ್ಟೇ ಪ್ರಮಾಣ.

ಎರಡನೆಯದು ನಿವೇಶನ ಮತ್ತು ಕಟ್ಟಡಗಳನ್ನು ಬೇರ್ಪಡಿಸುವ ವಿಧಾನ. ಊರಿನ ಬಿಡಿ ಮನೆಗೆ ಇದು ಹೊಂದುತ್ತದೆ. ಉದಾಹರಣೆಗೆ, 30 ಅಡಿಗೆ 40 ಅಡಿಯ, ಎಂದರೆ 1,200 ಚದರಡಿಯ ನಿವೇಶನಕ್ಕೆ ಚದರಡಿಗೆ 1,500 ರೂಪಾಯಿಯಂತೆ 18 ಲಕ್ಷವೆಂದಿಟ್ಟುಕೊಳ್ಳೋಣ. ಅದರಲ್ಲಿರುವ 1,000 ಚದರಡಿಯ ಕಟ್ಟಡವನ್ನು ಇಂದು ಹೊಸದಾಗಿ ಕಟ್ಟಲು 20 ಲಕ್ಷ ಬೇಕು. ಕಟ್ಟಡದ ಆಯುಷ್ಯ 60 ವರ್ಷ, ಕಳೆದದ್ದು 25 ವರ್ಷ. ಕೊನೆಗೆ ಉಳಿಯುವ ಮರಮುಟ್ಟಿಗೆ ಶೇಕಡಾ 10. ಈ ಲೆಕ್ಕದಲ್ಲಿ ಸವೆತ ಶೇಕಡಾ 37.5, ಎಂದರೆ 7.5 ಲಕ್ಷ. ಉಳಿದ 12.5 ಲಕ್ಷವನ್ನು ನಿವೇಶನಕ್ಕೆ ಕೂಡಿಸಿದರೆ ಮನೆಯ ಮೌಲ್ಯ 30.5 ಲಕ್ಷ. ನೆಲದ ಬೆಲೆ ಏರಬಹುದು, ಕಟ್ಟಡ ಸವೆಯುತ್ತಲೇ ಇರುತ್ತದೆ. ಅಜ್ಜನ ಕಾಲದ ತೊಲೆಕಂಬಗಳ ಮೇಲಿನ ಮಮತೆಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ.

ಮೂರನೆಯದು ಬಾಡಿಗೆಯ ವಿಧಾನ. ವರ್ಷದ ಬಾಡಿಗೆ 1,20,000 ರೂಪಾಯಿ. ತೆರಿಗೆ, ದುರಸ್ತಿಗಳಿಗೆ 20,000 ಕಳೆದರೆ ನಿವ್ವಳ ಆದಾಯ 1 ಲಕ್ಷ. ಕೊಳ್ಳುವವನು ಶೇಕಡಾ 4ರ ಪ್ರತಿಫಲಕ್ಕೆ ತೃಪ್ತನಾದರೆ ಮೌಲ್ಯ 25 ಲಕ್ಷ. ಮುಂಬಯಿಯ ಪಗಡಿ ಮನೆಗಳಲ್ಲಿ ಬಾಡಿಗೆ ಅತ್ಯಲ್ಪವಾದುದರಿಂದ ಈ ವಿಧಾನವು ಮಾಲೀಕನ ಪಾಲಿಗೆ ತೀರ ಸಣ್ಣ ಮೊತ್ತವನ್ನು ತೋರಿಸುತ್ತದೆ. ಅಲ್ಲಿ ಬಾಡಿಗೆದಾರನ ಹಕ್ಕಿಗೂ ಪ್ರತ್ಯೇಕ ಬೆಲೆಯುಂಟು.

ಇನ್ನು ಸರಕಾರದ ದರ. ಕರ್ನಾಟಕದಲ್ಲಿ ಇದು ಮಾರ್ಗಸೂಚಿ ದರ, ಮಹಾರಾಷ್ಟ್ರದಲ್ಲಿ ರೆಡಿ ರೆಕನರ್. ಕ್ರಯಪತ್ರದ ಮೊತ್ತ, ಸರಕಾರದ ದರ ಇವೆರಡರಲ್ಲಿ ಹೆಚ್ಚಿನದರ ಮೇಲೆ ಮುದ್ರಾಂಕ ಶುಲ್ಕ ತೆರಬೇಕು. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಜಾರಿಗೆ ಬಂದವು. ಒಂದು ಬಡಾವಣೆಗೆಲ್ಲ ಒಂದೇ ದರವಿರುವುದರಿಂದ ನಿರ್ದಿಷ್ಟ ಮನೆಯೊಂದರ ನಿಜವಾದ ಮೌಲ್ಯ ಅದಕ್ಕಿಂತ ಹೆಚ್ಚೂ ಆಗಬಹುದು, ಕಡಮೆಯೂ ಆಗಬಹುದು.

ಈ ದರ ಆದಾಯ ತೆರಿಗೆಯನ್ನೂ ಮುಟ್ಟುತ್ತದೆ. ಸರಕಾರದ ದರದ ಮೊತ್ತವು ಕ್ರಯದ ಶೇಕಡಾ 110ನ್ನು ಮೀರಿದರೆ, ಮಾರಿದವನಿಗೆ ಸರಕಾರದ ಮೊತ್ತವೇ ಬಂದಿತೆಂದು ಕಾನೂನು ಭಾವಿಸುತ್ತದೆ. 50 ಲಕ್ಷಕ್ಕೆ ಮಾರಿದ ಮನೆಗೆ ಸರಕಾರದ ಮೊತ್ತ 60 ಲಕ್ಷವಾಗಿದ್ದರೆ ಮಾರಿದವನ ಲಾಭವನ್ನು 60 ಲಕ್ಷದಿಂದಲೇ ಎಣಿಸುತ್ತಾರೆ. ನಡುವಣ 10 ಲಕ್ಷವು ಕೊಂಡವನ ಆದಾಯವೆನಿಸುತ್ತದೆ. ಅದು 54 ಲಕ್ಷವಾಗಿದ್ದರೆ ಈ ಬಾಧೆಯಿಲ್ಲ. ಸರಕಾರದ ದರ ನ್ಯಾಯವಾದುದಲ್ಲವೆಂದು ತೋರಿದರೆ, ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಒಪ್ಪಿಸಬೇಕೆಂದು ಮಾರಿದವನು ಕೇಳಿಕೊಳ್ಳಬಹುದು. 2001ರ ಏಪ್ರಿಲ್ 1ಕ್ಕಿಂತ ಮುಂಚೆ ಬಂದ ಮನೆಗೆ ಆ ದಿನದ ಮೌಲ್ಯವನ್ನೇ ಕೊಂಡ ವೆಚ್ಚವೆಂದು ಹಿಡಿಯುವ ಸೌಲಭ್ಯವೂ ಉಂಟು. ಆದರೆ ಆ ದಿನದ ಸರಕಾರದ ದರ ದೊರೆಯುವಲ್ಲಿ ಅದನ್ನು ಮೀರುವಂತಿಲ್ಲ. ಹಳೆಯ ಮನೆಯ ಪಾಲುದಾರರಿಗೆ ನೋಂದಾಯಿತ ಮೌಲ್ಯಮಾಪಕರ ವರದಿ ಇಲ್ಲಿ ಬಹಳ ಉಪಯುಕ್ತ.

ಕೊಳ್ಳುವವನಿಗೆ ಬ್ಯಾಂಕಿನ ಮೌಲ್ಯಮಾಪನ ನಿರ್ಣಾಯಕ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲವು ಮೌಲ್ಯದ ಶೇಕಡಾ 90ನ್ನೂ, 30ರಿಂದ 75 ಲಕ್ಷದವರೆಗಿನದು ಶೇಕಡಾ 80ನ್ನೂ, ಅದಕ್ಕೂ ಮೇಲಿನದು ಶೇಕಡಾ 75ನ್ನೂ ಮೀರಕೂಡದು. ಸಾಮಾನ್ಯವಾಗಿ ಬ್ಯಾಂಕುಗಳು ಕ್ರಯ, ಮೌಲ್ಯಗಳಲ್ಲಿ ಕಡಮೆಯದನ್ನೇ ಹಿಡಿಯುತ್ತವೆ. 80 ಲಕ್ಷಕ್ಕೆ ಮಾತಾದ ಫ್ಲ್ಯಾಟಿಗೆ ಬ್ಯಾಂಕು 70 ಲಕ್ಷವೆಂದು ಬೆಲೆ ಕಟ್ಟಿದರೆ ಸಾಲವು 64 ಲಕ್ಷದಿಂದ 56 ಲಕ್ಷಕ್ಕೆ ಇಳಿಯುತ್ತದೆ. ಕೈಯಿಂದ ಹಾಕಬೇಕಾದ ಹಣ 16ರಿಂದ 24 ಲಕ್ಷಕ್ಕೆ ಏರುತ್ತದೆ. ಮುದ್ರಾಂಕ ಶುಲ್ಕದ ಹೊರೆ ಇದರ ಮೇಲೆ. ಆದುದರಿಂದ ಬ್ಯಾಂಕಿನ ವರದಿ ಬರುವ ಮೊದಲು ದೊಡ್ಡ ಮುಂಗಡ ಕೊಡದಿರುವುದು, ಕೊಟ್ಟರೂ ಸಾಲ ದೊರೆಯದಿದ್ದರೆ ಹಿಂದಿರುಗಿಸಬೇಕೆಂದು ಕರಾರಿನಲ್ಲಿ ಬರೆಯಿಸುವುದು ಕ್ಷೇಮ.

ವಿಸ್ತೀರ್ಣದ ವಿಷಯದಲ್ಲೂ ಎಚ್ಚರ ಬೇಕು. 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಕಾರ ಕಾರ್ಪೆಟ್ ವಿಸ್ತೀರ್ಣದಲ್ಲಿ ಒಳಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳು ಸೇರುವುದಿಲ್ಲ. ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣದ ದರವನ್ನು ಕಾರ್ಪೆಟ್ ದರದೊಡನೆ ಹೋಲಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಮೌಲ್ಯಮಾಪಕರ ವರದಿ ಕೈಗೆ ಬಂದಾಗ ಮೂರು ಅಂಶಗಳನ್ನು ನೋಡತಕ್ಕದ್ದು: ಮೌಲ್ಯವು ಯಾವ ದಿನದ್ದು, ಯಾವ ಉದ್ದೇಶಕ್ಕೆ ಕಟ್ಟಿದ್ದು, ಯಾವ ವಿಧಾನದಿಂದ ಬಂದದ್ದು. ಸಾಲಕ್ಕಾಗಿ ಕಟ್ಟಿದ ಬೆಲೆಯನ್ನು ಪಾಲಿಗೆ, ಹತ್ತು ವರ್ಷದ ಹಿಂದಿನದನ್ನು ಇಂದಿನ ಮಾರಾಟಕ್ಕೆ ಬಳಸಬಾರದು. ಪಾಲುಪಟ್ಟಿಯ ಮಾತು ಬಂದಲ್ಲಿ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಟ್ಟಾಗಿ ಒಬ್ಬ ಮೌಲ್ಯಮಾಪಕರನ್ನು ಗೊತ್ತುಮಾಡಿ, ವರದಿಯ ಪ್ರತಿಯನ್ನು ಎಲ್ಲರೂ ಇಟ್ಟುಕೊಳ್ಳುವುದು ಮೇಲು. ಹಾಗೆ ಮಾಡಿದಲ್ಲಿ ಊರಿನಲ್ಲಿರುವವರ ದುಡಿಮೆ, ಅವರು ಮಾಡಿಸಿದ ದುರಸ್ತಿಯ ಖರ್ಚುಗಳನ್ನು ಬೇರೆಯಾಗಿಯೇ ಎಣಿಸಿ ಸಲ್ಲಿಸಲು ಅನುಕೂಲವಾಗುತ್ತದೆ. ಅವುಗಳನ್ನು ಮನೆಯ ಬೆಲೆಯೊಳಗೆ ಅಡಗಿಸುವ ಪ್ರಮೇಯ ಬರುವುದಿಲ್ಲ.