ರಾಜೀನಾಮೆಗೆ ಮುಂಚೆ ಗಿರಾಕಿ ಸಿಗಲಿ

"ಉಮ್ಮಾ, ನಾನು ಕಂಪೆನಿ ಕೆಲಸ ಬಿಡುತ್ತೇನೆ. ಊರಿಗೆ ಬಂದು ಏನಾದರೂ ವ್ಯಾಪಾರ ಮಾಡುತ್ತೇನೆ." ಬೆಂಗಳೂರಿನಿಂದಲೋ ದುಬೈಯಿಂದಲೋ ಹೀಗೊಂದು ಫೋನ್ ಬಂದರೆ ನಮ್ಮ ಮನೆಗಳಲ್ಲಿ ಎರಡು ದಿನ ಊಟ ಸೇರುವುದಿಲ್ಲ. "ಅಷ್ಟು ಖರ್ಚು ಮಾಡಿ ಇಂಜಿನಿಯರಿಂಗ್ ಓದಿಸಿದ್ದು ಅಂಗಡಿ ಹಾಕಲಿಕ್ಕಾ?" ಎಂದು ಉಪ್ಪ ಕೇಳುತ್ತಾರೆ. ಸೊಸೆಯ ಮನೆಯವರಿಗೆ ಹೇಗೆ ಹೇಳುವುದು ಎಂದು ಉಮ್ಮನಿಗೆ ಚಿಂತೆ. ಮನೆಯ ಸಾಲ, ತಂಗಿಯ ಮದುವೆ, ಮಕ್ಕಳ ಫೀಸು ಎಲ್ಲವೂ ಆ ಒಂದು ಸಂಬಳದ ಮೇಲೆ ನಿಂತಿರುವಾಗ ಅವರ ಹೆದರಿಕೆ ತಪ್ಪೇನಲ್ಲ.

ಹಾಗೆ ನೋಡಿದರೆ ವ್ಯಾಪಾರ ನಮಗೆ ಹೊಸತಲ್ಲ. ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂದದ್ದು ಎಂದು ಹೇಳುವವರಿದ್ದಾರೆ. ತಲೆಹೊರೆಯಲ್ಲಿ ಮೀನು, ಒಣಮೀನು, ಬಟ್ಟೆ ಮಾರಿದ ಅಜ್ಜಂದಿರ ಮೊಮ್ಮಕ್ಕಳೇ ಇಂದು ಕಂಪ್ಯೂಟರ್ ಮುಂದೆ ಕೂತಿರುವುದು. ಸಂಬಳದ ಕೆಲಸವೇ ನಮಗೆ ಹೊಸತು. ಆದ್ದರಿಂದ ಮಗ ಊರಿಗೆ ಬರಬೇಕೋ ಬೇಡವೋ ಎಂಬುದಕ್ಕಿಂತ ಹೇಗೆ ಬರಬೇಕು ಎಂಬ ಮಾತು ಮನೆಯಲ್ಲಿ ಆಗಬೇಕು.

ಮಾರುಕಟ್ಟೆ ಎಲ್ಲಿದೆ?

ಹಿಜ್ರಾದ ನಂತರದ ಒಂದು ಘಟನೆ ನಮ್ಮ ಮದ್ರಸ ಮಕ್ಕಳಿಗೂ ಗೊತ್ತು. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮಕ್ಕಾದ ಆಸ್ತಿಪಾಸ್ತಿ ಬಿಟ್ಟು ಬರಿಗೈಯಲ್ಲಿ ಮದೀನಾ ತಲುಪಿದರು. ಪ್ರವಾದಿ(ಸ) ಅವರನ್ನು ಮದೀನಾದ ಸಅದ್ ಬಿನ್ ರಬೀಅ್(ರ) ಅವರ ಸಹೋದರನನ್ನಾಗಿ ಮಾಡಿದರು. ಸಅದ್(ರ) ತಮ್ಮ ಸಂಪತ್ತಿನಲ್ಲಿ ಅರ್ಧ ಕೊಡಲು ಮುಂದಾದರು. ಅವರಿಗೆ ದುಆ ಮಾಡಿದ ಅಬ್ದುರ್ರಹ್ಮಾನ್(ರ), ಮಾರುಕಟ್ಟೆ ಎಲ್ಲಿದೆ ಎಂದು ತೋರಿಸಿಕೊಡಲು ಕೇಳಿದರು. ಸಂಜೆ ಸ್ವಲ್ಪ ತುಪ್ಪ, ಒಣಮೊಸರಿನ ಗಟ್ಟಿ ಸಂಪಾದಿಸಿ ಮರಳಿದರು. ಮುಂದೆ ಮದೀನಾದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು.

ಈ ಘಟನೆಯಲ್ಲಿ ಅವರ ಸ್ವಾಭಿಮಾನವನ್ನು ನಾವು ಹೊಗಳುತ್ತೇವೆ. ಅವರು ಮೊದಲು ಕೇಳಿದ್ದೇನು ಎಂಬುದನ್ನೂ ಗಮನಿಸಬೇಕು. ಬಂಡವಾಳವನ್ನಲ್ಲ, ಕಟ್ಟಡವನ್ನಲ್ಲ, ಮಾರುಕಟ್ಟೆಯನ್ನು. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ರೂಮು ಬಾಡಿಗೆಗೆ, ಆಮೇಲೆ ಗಾಜಿನ ಬಾಗಿಲು, ಎಸಿ, ಬೋರ್ಡು, ಉದ್ಘಾಟನೆಗೆ ಉಸ್ತಾದರ ದುಆ. ಗಿರಾಕಿ ಯಾರು ಎಂಬ ಪ್ರಶ್ನೆ ಮೂರನೇ ತಿಂಗಳಲ್ಲಿ ಏಳುತ್ತದೆ.

ಮುಸ್ತಫಾ ಮಾಡಿದ್ದೇನು?

ಐಡಿ ಫ್ರೆಶ್ ಫುಡ್‌ನ ಪಿ.ಸಿ. ಮುಸ್ತಫಾ ಅವರ ಕತೆಯನ್ನು ಭಾಷಣಗಳಲ್ಲಿ ಎಲ್ಲರೂ ಕೇಳಿದ್ದೇವೆ. ವಯನಾಡಿನ ಚೆನ್ನಲೋಡಿನ ಕೂಲಿ ಕಾರ್ಮಿಕರ ಮಗ, ಆರನೇ ತರಗತಿಯಲ್ಲಿ ಫೇಲ್ ಆದ ಹುಡುಗ, ಕೋಟ್ಯಂತರ ರೂಪಾಯಿಯ ಕಂಪೆನಿ ಕಟ್ಟಿದ್ದು. ಆದರೆ ನಡುವಿನ ಹೆಜ್ಜೆಗಳನ್ನು ಭಾಷಣದವರು ಬಿಟ್ಟುಬಿಡುತ್ತಾರೆ.

ಕಲ್ಲಿಕೋಟೆಯಲ್ಲಿ ಇಂಜಿನಿಯರಿಂಗ್ ಓದಿ, ಮೊಟೊರೊಲಾದಲ್ಲಿ, ಆಮೇಲೆ ದುಬೈಯ ಸಿಟಿಬ್ಯಾಂಕ್‌ನಲ್ಲಿ ದುಡಿದ ಅವರು 2003ರಲ್ಲಿ ದೇಶಕ್ಕೆ ಮರಳಿದರು. ಮರಳಿದ್ದು ತಂದೆತಾಯಿಗೆ ಹತ್ತಿರ ಇರಬೇಕು, ಇನ್ನೂ ಓದಬೇಕು ಎಂದು. ಬೆಂಗಳೂರಿನ ಐಐಎಂನಲ್ಲಿ ಎಂಬಿಎಗೆ ಸೇರಿದರು. ಅವರ ಸಂಬಂಧಿ ಸಹೋದರರಿಗೆ ಬೆಂಗಳೂರಿನಲ್ಲಿ ದಿನಸಿ ಅಂಗಡಿ ಇತ್ತು. ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮಾರುವ ದೋಸೆ ಹಿಟ್ಟಿನ ಬಗ್ಗೆ ಗಿರಾಕಿಗಳ ದೂರು ಅವರ ಕಿವಿಗೆ ಬೀಳುತ್ತಿತ್ತು. ಅಂದರೆ ಹಿಟ್ಟು ರುಬ್ಬುವ ಮೊದಲೇ ಗಿರಾಕಿ ಯಾರೆಂದು ಗೊತ್ತಿತ್ತು.

2005ರಲ್ಲಿ 50 ಚದರಡಿಯ ಅಡುಗೆಕೋಣೆಯಲ್ಲಿ ಕೆಲಸ ಶುರು. ಹಾಕಿದ್ದು ಸಣ್ಣ ಮೊತ್ತ. ದಿನಕ್ಕೆ 100 ಪ್ಯಾಕೆಟ್ ಖರ್ಚಾಗಬೇಕು ಎಂಬುದು ಗುರಿ. ಅದನ್ನು ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಗುರಿ ಮುಟ್ಟಿದ ಮೇಲೆ ಹೆಚ್ಚು ಹಣ, ಓದು ಮುಗಿದ ಮೇಲೆ ಮುಸ್ತಫಾ ಅವರ ಪೂರ್ತಿ ಸಮಯ. ವ್ಯಾಪಾರ ನೆಲೆಯಾದದ್ದೂ ಅವರ ಹುಟ್ಟೂರಿನಲ್ಲಿ ಅಲ್ಲ, ಹಿಟ್ಟು ಕೊಳ್ಳುವವರು ಇದ್ದ ಬೆಂಗಳೂರಿನಲ್ಲಿ.

ಘಟ್ಟದ ಮೇಲಿನ ಮೂರು ಊರು

ಹಾಗಾದರೆ ಸಣ್ಣ ಊರಿಗೆ ಮರಳಿದವರು ಏನು ಮಾಡಬೇಕು? ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆ ಒಮ್ಮೆ ನೋಡಿ. ನಮಗೂ ಆ ಊರುಗಳಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಮನೆಯ ಮೀನಿನ ಗಸಿಗೆ ಬಣ್ಣ ಕೊಡುವ ಬ್ಯಾಡಗಿ ಮೆಣಸು ಬೆಳೆಯುವುದು ಆ ಕಡೆಯ ಎರೆ ಭೂಮಿಯಲ್ಲಿ. ಮಂಗಳೂರು, ಉಡುಪಿಯಲ್ಲಿ ನಮ್ಮ ಮನೆ ಕಟ್ಟುವ ಕೆಲಸಗಾರರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆಯವರು ಎಷ್ಟೋ ಮಂದಿ. ಆ ಊರುಗಳ ಓದಿದ ಮಕ್ಕಳೂ ಬೆಂಗಳೂರಿನ ಕಂಪೆನಿಗಳಲ್ಲಿದ್ದಾರೆ, ಅವರಿಗೂ ಮನೆಯ ನೆನಪು ಉಂಟು.

ಅಲ್ಲಿ ಹಣ ಓಡಾಡುವುದು ಸುಗ್ಗಿಯ ಲೆಕ್ಕದಲ್ಲಿ. ಮುಂಗಾರಿನ ಹೆಸರು ಆಗಸ್ಟ್ ಹೊತ್ತಿಗೆ ಕೈಗೆ ಬರುತ್ತದೆ. ಹಿಂಗಾರಿನ ಕಡಲೆ, ಜೋಳ ವರ್ಷದ ಆರಂಭದ ತಿಂಗಳುಗಳಲ್ಲಿ. ನಡುವಿನ ತಿಂಗಳುಗಳಲ್ಲಿ ಅಂಗಡಿ ನಡೆಯುವುದು ಸಾಲದ ಮೇಲೆ, ಅವರ ಮಾತಿನಲ್ಲಿ 'ಉದ್ರಿ'. ಮಳೆ ಕೈಕೊಟ್ಟರೆ ಉದ್ರಿ ಮುಂದಿನ ವರ್ಷಕ್ಕೆ ಹೋಗುತ್ತದೆ. 2019ರಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ಮುಳುಗಿದ್ದವು. ನೀರು ಕೇಳಿ ನರಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತದ್ದೂ ಇದೇ ಕಾರಣಕ್ಕೆ, ಅಲ್ಲಿ ನೀರೇ ಜೀವನ. ತಿಂಗಳ ಒಂದನೇ ತಾರೀಕಿಗೆ ಸಂಬಳ ನೋಡಿ ರೂಢಿಯಾದ ಹುಡುಗ ಇಂಥ ಕಡೆ ಅಂಗಡಿ ಹಾಕುವುದಾದರೆ ಆರು ತಿಂಗಳ ಉದ್ರಿ ತಾಳುವಷ್ಟು ಹಣ ಬೇರೆ ಇಟ್ಟುಕೊಂಡೇ ಇಳಿಯಬೇಕು.

ಇನ್ನೊಂದು ದಾರಿಯೂ ಉಂಟು. ಗಜೇಂದ್ರಗಡದ ಕೈಮಗ್ಗದ ಪಟ್ಟೇದಂಚು ಸೀರೆಯನ್ನೇ ತೆಗೆದುಕೊಳ್ಳಿ. ಚೌಕುಳಿ ಮೈ, ಅಗಲ ಅಂಚು. ಮದುಮಗಳಿಗೆ ಕೊಡಲಿಕ್ಕೆ, ಸವದತ್ತಿ ಯಲ್ಲಮ್ಮನಿಗೆ ಅರ್ಪಿಸಲಿಕ್ಕೆ ಆ ಕಡೆಯವರು ಕೊಳ್ಳುತ್ತಿದ್ದ ಸೀರೆ ಅದು. ಕೇಳುವವರು ಕಡಿಮೆಯಾಗಿ ಮಗ್ಗಗಳು ನಿಲ್ಲುತ್ತಾ ಬಂದಿದ್ದವು. ಈಚಿನ ವರ್ಷಗಳಲ್ಲಿ ಮತ್ತೆ ಜೀವ ಬಂದದ್ದು ದೂರದ ನಗರಗಳ ಗಿರಾಕಿಗಳನ್ನು ಹುಡುಕಿಕೊಂಡು ಹೋದದ್ದರಿಂದ. ಮಾಲು ಊರಿನದು, ಗಿರಾಕಿ ಹೊರಗಿನವರು. ಕಂಪೆನಿಯಲ್ಲಿ ಹತ್ತು ವರ್ಷ ದುಡಿದವನಿಗೆ ಗೊತ್ತಿರುವುದು ಈ ಹೊರಗಿನ ಜಗತ್ತೇ ತಾನೆ? ಊರಲ್ಲಿ ಹತ್ತನೇ ಮೊಬೈಲ್ ಅಂಗಡಿ ಹಾಕುವ ಬದಲು ಗಜೇಂದ್ರಗಡದವನು ತನ್ನ ಊರಿನ ಸೀರೆಗೆ, ರೋಣದವನು ಕಡಲೆ-ಹೆಸರಿಗೆ ಬೆಂಗಳೂರಿನಲ್ಲಿ ಗಿರಾಕಿ ಹುಡುಕಲಿ. ನಮ್ಮ ಉಪ್ಪಿನಂಗಡಿಯ ಹುಡುಗ ಬ್ಯಾಡಗಿ ಮೆಣಸನ್ನು ಬೆಳೆದವರಿಂದಲೇ ತಂದು ಮಸಾಲೆ ಪುಡಿ ಮಾಡಿ ಗಲ್ಫ್‌ನ ಅಡುಗೆಮನೆಗೆ ಮುಟ್ಟಿಸಲಿ. ಕೆಲಸದಲ್ಲಿ ಇರುವಾಗಲೇ ರಜೆಯಲ್ಲಿ, ಹತ್ತು ಮನೆಗೆ ಕೊಟ್ಟು ನೋಡಲಿಕ್ಕೆ ಅಡ್ಡಿ ಏನು?

ಹಣ ಯಾರದು, ನಷ್ಟ ಯಾರದು?

ಬಡ್ಡಿ ಬೇಡ ಎನ್ನುವ ಮನೆಗಳಲ್ಲಿ ಬಂಡವಾಳ ಬರುವುದು ಹೆಂಡತಿಯ ಚಿನ್ನದಿಂದ, ಅಳಿಯನಿಂದ, ಗಲ್ಫ್‌ನ ಅಣ್ಣನಿಂದ. ಜಗಳ ಹುಟ್ಟುವುದೂ ಅಲ್ಲಿಯೇ. ಕೊಟ್ಟದ್ದು ಸಾಲವೋ ಪಾಲೋ ಎಂದು ಕೊಡುವಾಗ ಯಾರೂ ಹೇಳುವುದಿಲ್ಲ. ಲಾಭ ಬಂದರೆ ಅದು ಪಾಲು, ನಷ್ಟ ಬಂದರೆ ಅದು ಸಾಲ!

ಶರೀಅತ್‌ನಲ್ಲಿ ಇದಕ್ಕೆ ದಾರಿ ಸ್ಪಷ್ಟ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ ಆದರೆ ಅದು ಮುದಾರಬ. ಲಾಭವನ್ನು ಮೊದಲೇ ಒಪ್ಪಿದ ಪಾಲಿನಂತೆ ಹಂಚಬೇಕು. ದುಡಿಯುವವನ ಬೇಜವಾಬ್ದಾರಿ ಇಲ್ಲದೆ ನಷ್ಟವಾದರೆ ಹಣ ಹಾಕಿದವನಿಗೆ ಹಣ ಹೋಯಿತು, ದುಡಿದವನಿಗೆ ದುಡಿಮೆ ಹೋಯಿತು. "ಲಕ್ಷಕ್ಕೆ ತಿಂಗಳಿಗೆ ಇಷ್ಟು ಸಾವಿರ ಖಂಡಿತ" ಎಂದರೆ ಅದು ಮುದಾರಬ ಅಲ್ಲ, ಹೆಸರು ಬದಲಿಸಿದ ಬಡ್ಡಿ. ಹಲಾಲ್ ಲಾಭದ ಹೆಸರು ನಂಬಿ ಬೆಂಗಳೂರಿನ ಐಎಂಎಯಲ್ಲಿ ಹಣ ಇಟ್ಟ ಸಾವಿರಾರು ಮುಸ್ಲಿಮ್ ಕುಟುಂಬಗಳು 2019ರ ಜೂನ್‌ನಲ್ಲಿ ಮುಚ್ಚಿದ ಬಾಗಿಲ ಮುಂದೆ ಅಳುತ್ತಾ ನಿಂತದ್ದನ್ನು ಮರೆಯಬಾರದು.

ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಅಲ್ ಬಕರದ 282ನೆಯದು. ಅದರ ವಿಷಯ ಸಾಲದ ವ್ಯವಹಾರ. ಬರೆದಿಡಿ, ಸಾಕ್ಷಿ ಇಡಿ, ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬೇಡಿ ಎಂಬುದು ಅದರ ಆದೇಶ. "ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ?" ಎನ್ನುವವರು ಈ ಸೂಕ್ತವನ್ನು ಒಮ್ಮೆ ಅರ್ಥಸಹಿತ ಓದಲಿ. ಯಾರ ಹಣ ಎಷ್ಟು, ಲಾಭದ ಪಾಲು ಎಷ್ಟು, ದುಡಿಯುವವನು ಮನೆಖರ್ಚಿಗೆ ಎಷ್ಟು ತೆಗೆಯಬಹುದು, ಬೇಡವಾದರೆ ಹೊರಬರುವುದು ಹೇಗೆ ಎಂಬ ನಾಲ್ಕು ಮಾತು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಸಂಬಂಧ ಉಳಿಯುತ್ತದೆ.

ಅಂಗಡಿಯ ಹಣ ಮತ್ತು ಮನೆಯ ಹಣ ಬೇರೆ ಬೇರೆ ಖಾತೆಯಲ್ಲಿ ಇರಲಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಹಣ್ಣು-ತರಕಾರಿ ಅಂಗಡಿಯವರಿಗೂ ನೋಟಿಸ್ ಕಳಿಸಿದಾಗ ರಾಜ್ಯವಿಡೀ ಗಾಬರಿಯಾಯಿತು. ವ್ಯಾಪಾರದ ಹಣ ಯಾವುದು, ಸಂಬಂಧಿಕರು ಕಳಿಸಿದ್ದು ಯಾವುದು ಎಂದು ತೋರಿಸಲಾಗದವರು ಹೆಚ್ಚು ಕಷ್ಟಪಟ್ಟರು. ಲೆಕ್ಕ ಇದ್ದರೆ ಝಕಾತ್ ಕೂಡ ಸುಲಭ. ಚಾಂದ್ರಮಾನ ವರ್ಷ ತುಂಬಿದ ದಿನ ಮಾರಾಟಕ್ಕಿಟ್ಟ ಮಾಲಿನ ಬೆಲೆ ಕಟ್ಟಿ, ಕೈಯಲ್ಲಿರುವ ಹಣ ಸೇರಿಸಿ, ನಿಸಾಬ್ ಮುಟ್ಟಿದರೆ ಶೇ. 2.5 ಕೊಡುವುದು. ಕಪಾಟು, ಯಂತ್ರ, ತಕ್ಕಡಿಗೆ ಝಕಾತ್ ಇಲ್ಲ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಗ ಬರುತ್ತೇನೆ ಎಂದಾಗ ಬೈಯಬೇಡಿ, ಹಾಗೆಂದು ಚಿನ್ನವನ್ನೂ ತಕ್ಷಣ ಬಿಚ್ಚಿ ಕೊಡಬೇಡಿ. "ನಿನ್ನ ಮಾಲನ್ನು ಈಗ ಎಷ್ಟು ಜನ ಕೊಳ್ಳುತ್ತಿದ್ದಾರೆ?" ಎಂದು ಕೇಳಿ. ಅವನು ಹೆಸರು ಹಿಡಿದು ಹೇಳುವಂತಾದರೆ ಕೂತು ಕಾಗದ ಬರೆಯಿರಿ. ಉತ್ತರ ಇಲ್ಲದಿದ್ದರೆ ಇನ್ನು ಆರು ತಿಂಗಳು ಸಂಬಳ ಬರಲಿ, ಅಷ್ಟರಲ್ಲಿ ಹುಡುಕಲಿ. ನಮ್ಮ ಮಕ್ಕಳ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ, ಆಮೀನ್.